ಸಭಾಕಂಪವೂ ಸೂತ್ರಧಾರನೂ



ಕಳೆದ ವರ್ಷ ಜುಲೈ ತಿಂಗಳ ಮೊದಲ ವಾರ. ಮುಂಗಾರಿನ ಮೋಡ ಕವಿದ ಒಂದು ಮಧ್ಯಾಹ್ನ ನನ್ನ ಹುಟ್ಟೂರಾದ ಚಿಕ್ಕನರಗುಂದದಿಂದ ಒಬ್ಬ ಹುಡುಗಿ ಗದಗಿನ ನನ್ನ ಮನೆಗೆ ಬಂದಳು. ಒಕ್ಕಲುತನದ ಮನೆಯವಳು, ಬಿ.ಎಡ್. ಓದುತ್ತಿರುವವಳು. ಕುಳಿತುಕೊಳ್ಳೆಂದರೂ ಕುರ್ಚಿಯ ಅಂಚಿಗೆ ಕುಳಿತಳು. ಚಹಾದ ಬಟ್ಟಲು ಕೈಯಲ್ಲಿ ಹಾಗೆಯೇ ಆರುತ್ತಿತ್ತು. ಕೊನೆಗೆ ಹೇಳಿದಳು: "ಸರ, ಊರಾಗ ಸಾಲಿ ಹುಡುಗರ ಭಾಷಣ ಸ್ಪರ್ಧೆ ಐತ್ರಿ. ಕಾರ್ಯಕ್ರಮ ನಡಸಿಕೊಡೂದು ನನಗ ಹಚ್ಚ್ಯಾರ್ರಿ. ಮಾತಾಡವರು ಹುಡುಗರು, ನಡಗಾಕತ್ತವಳು ನಾನ್ರಿ. ಈ ಅಂಜಿಕಿ ಹೋಗಾಕ ಏನರ ಉಪಾಯ ಐತೇನ್ರಿ?"

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ಥಟ್ಟನೆ ಕೊಟ್ಟ ಉತ್ತರ ಇದು: "ಧೈರ್ಯ ತಂದುಕೊ ತಂಗೀ, ಚೆನ್ನಾಗಿ ಸಿದ್ಧತೆ ಮಾಡಿಕೊ, ಎಲ್ಲ ಸರಿಹೋಗುತ್ತದೆ." ಅವಳು "ಹೂಂ ರಿ" ಎಂದಳು. ಆ ಹೂಂಕಾರದಲ್ಲಿ ನಿರಾಶೆ ಎಷ್ಟಿತ್ತೆಂಬುದು ನನಗೆ ಆಗಲೇ ತಿಳಿಯಿತು. ಹೊಟ್ಟೆ ನೋಯುತ್ತದೆ ಎಂದವನಿಗೆ ನೋವು ಬಿಟ್ಟುಬಿಡು ಎಂದು ಹೇಳಿದ ವೈದ್ಯನಂತೆ ಆಗಿತ್ತು ನನ್ನ ಮಾತು. ಹೊರಡುವಾಗ ಬಾಗಿಲ ಬಳಿ ನಿಂತು ಅವಳು ಇನ್ನೊಂದು ಮಾತು ಸೇರಿಸಿದಳು: "ಈ ಸಲ ಹೆಣ್ಣುಹುಡುಗಿ ಕೈಯಾಗ ಮೈಕ್ ಕೊಟ್ಟಾರ್ರಿ ಸರ. ನಾ ಒಲ್ಲೆ ಅಂದ್ರ, ಇಲ್ಲಾ ನಿಂತು ತಪ್ಪಿದ್ರ, ಮುಂದ ಮತ್ತ ಯಾರನ್ನೂ ಕೇಳೂದಿಲ್ರಿ." ಆ ಮಾತು ಆ ರಾತ್ರಿ ನನ್ನನ್ನು ನಿದ್ರೆ ಮಾಡಗೊಡಲಿಲ್ಲ. ಎರಡು ದಿನ ಬಿಟ್ಟು ನಾನೇ ಊರಿಗೆ ಹೋಗಿ ಅವಳಿಗೆ ಹೇಳಿಬಂದ ಮಾತುಗಳನ್ನೇ ಇಂದು ತಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ಇಡುತ್ತಿದ್ದೇನೆ.

ಜುಲೈ ತಿಂಗಳು ನಮ್ಮ ಭಾಗಕ್ಕೆ ಬರಿಯ ಮಳೆಯ ತಿಂಗಳಲ್ಲ. 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ಹೊರೆಯ ವಿರುದ್ಧ ನರಗುಂದದಲ್ಲಿ ಸೇರಿದ್ದಾಗ ಗೋಲೀಬಾರು ನಡೆಯಿತು. ಪ್ರಾಣ ತೆತ್ತ ವೀರಪ್ಪ ಕಡ್ಲಿಕೊಪ್ಪ ನಮ್ಮ ಚಿಕ್ಕನರಗುಂದದವರು. ಆ ಹೆಸರನ್ನು ಧ್ವನಿವರ್ಧಕದಲ್ಲಿ ಹೇಳುವಾಗ ಊರ ಹಿರಿಯರ ಮುಖಗಳು ಹೇಗಾಗುತ್ತವೆಂಬುದನ್ನು ನಾನು ಬಲ್ಲೆ. ಮಕ್ಕಳ ಸ್ಪರ್ಧೆಯ ವಿಷಯವೂ ರೈತ ಮತ್ತು ನೀರು. ಆದುದರಿಂದ ಆ ಹುಡುಗಿಯ ಅಂಜಿಕೆ ಬರಿಯ ನಾಚಿಕೆಯಾಗಿರಲಿಲ್ಲ. ಎಲ್ಲಿ ಏನು ತಪ್ಪಿದರೆ ಯಾರಿಗೆ ನೋವಾದೀತು ಎಂಬ ಎಚ್ಚರವೂ ಅದರಲ್ಲಿ ಬೆರೆತಿತ್ತು.

ನಾನು ಅವಳಿಗೆ ಮೊದಲು ಹೇಳಿದ್ದು ನನ್ನ ಸೋಲಿನ ಕಥೆಯನ್ನು. ಧಾರವಾಡದಲ್ಲಿ ಎಂ.ಎ. ಮುಗಿಸಿ ಉಪನ್ಯಾಸಕನಾಗಿ ಮೂರು ವರ್ಷ ಆಗಿತ್ತು, 1984ನೆಯ ಇಸವಿ. ಊರಿನ ತರುಣರು ಗುಡಿಯ ಮುಂದಿನ ಬಯಲಿನಲ್ಲಿ ಮಕ್ಕಳ ಭಾಷಣ ಸ್ಪರ್ಧೆ ಇಟ್ಟುಕೊಂಡು, ಎಂ.ಎ. ಕಲಿತವ ಊರವನೇ ಇರುವಾಗ ಹೊರಗಿನವರೇಕೆ ಎಂದು, ಸಭೆಯನ್ನು ನಡೆಸಿಕೊಡುವ ಕೆಲಸವನ್ನು ನನಗೊಪ್ಪಿಸಿದರು. ನಾನು ಪೀಠಿಕೆಯ ಮಾತುಗಳನ್ನೇ ಎಂಟು ಪುಟ ಬರೆದೆ. ಅದರಲ್ಲಿ ಪಂಪನಿದ್ದ, ಕುಮಾರವ್ಯಾಸನಿದ್ದ, ಗ್ರೀಸ್ ದೇಶದ ಡೆಮಾಸ್ತನೀಸನೂ ಇದ್ದ. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ಕಲಿತನೆಂಬ ಅವನ ಕಥೆಯನ್ನು ಹಳ್ಳಿಯ ಮಕ್ಕಳಿಗೆ ಹೇಳುವ ಉತ್ಸಾಹ ನನ್ನದು. (ಯಾವ ಮಗುವಾದರೂ ಅದನ್ನು ಪ್ರಯೋಗಿಸಿ ನೋಡಿದ್ದರೆ ಏನು ಗತಿ ಎಂಬ ವಿಚಾರ ಆಗ ಹೊಳೆದಿರಲಿಲ್ಲ.) ಎದ್ದು ನಿಂತೆ. ಮೈಕಿನ ಮುಂದೆ ನನ್ನ ಉಸಿರೇ ನನಗೆ ಬಿರುಗಾಳಿಯಂತೆ ಕೇಳಿಸಿತು. "ಇಂದಿನ ಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ" ಎಂದೆ. ಅಲಂಕರಿಸಿದವರು ನನ್ನ ಎಡಕ್ಕೇ ಕುಳಿತಿದ್ದರು. ಚಿಕ್ಕಂದಿನಿಂದ ಅವರ ಅಂಗಳದಲ್ಲಿ ಆಡಿದವನು ನಾನು. ಆದರೆ ಅವರ ಹೆಸರು ನಾಲಗೆಗೆ ಬರಲಿಲ್ಲ. ಕೈಯಲ್ಲಿನ ಹಾಳೆಗಳು ಗಾಳಿಯಿಲ್ಲದೆಯೂ ಪಟಪಟ ಹೊಡೆದುಕೊಳ್ಳುತ್ತಿದ್ದವು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ! ಹಿಂದಿನಿಂದ ಒಬ್ಬ ಅಜ್ಜನ ಧ್ವನಿ ಬಂತು: "ತಮ್ಮಾ, ನೀರ ಕುಡಿ. ನಾವೇನ್ ಎದ್ದ ಹೋಗೂದಿಲ್ಲ."

ಜನ ನಕ್ಕರು. ಆ ನಗೆಯಲ್ಲಿ ಕುಹಕವಿರಲಿಲ್ಲವೆಂಬುದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ನೀರು ಕುಡಿದು, ಎಂಟು ಪುಟಗಳನ್ನೂ ಮಡಚಿ ಜೇಬಿಗಿಟ್ಟು, ಅಧ್ಯಕ್ಷರನ್ನು ಕೇವಲ "ಕಾಕಾ ಅವರು" ಎಂದು ಕರೆದು, ಮೊದಲನೆಯ ಹುಡುಗನನ್ನು ವೇದಿಕೆಗೆ ಕೂಗಿಬಿಟ್ಟೆ. ಏಳನೆಯ ಇಯತ್ತೆಯ ಪೋರ. "ಮಾನ್ಯ ಅಧ್ಯಕ್ಷರೇ" ಎಂದವನು ಅಲ್ಲಿಗೇ ನಿಂತ. ನನಗಾದದ್ದೇ ಅವನಿಗೂ ಆಯಿತು. ಕಣ್ಣು ತುಂಬಿ ಬಂದವು. ನಾನು ಹೋಗಿ ಅವನ ಪಕ್ಕದಲ್ಲಿ ಮೊಳಕಾಲೂರಿ ಕುಳಿತು, "ನಿಮ್ಮ ಹೊಲದಾಗ ಈ ಸಲ ಏನ್ ಬಿತ್ತ್ಯಾರೋ?" ಎಂದೆ. "ಹೆಸರು ರೀ" ಎಂದ. "ಮಳಿ ಆತೇನು?" "ಒಂದ ಆತ್ರಿ, ಇನ್ನೊಂದ ಬೇಕಾಗಿತ್ರಿ." ಅಲ್ಲಿಂದ ಅವನ ಮಾತು ಕಾಲುವೆಯ ನೀರಿನಂತೆ ಹರಿಯಿತು. ಬಹುಮಾನ ಅವನಿಗೆ ಬರಲಿಲ್ಲ, ಅದು ಬೇರೆ ಮಾತು. ಅವನು ಇಳಿದುಹೋದ ಮೇಲೆ ನೋಡಿಕೊಳ್ಳುತ್ತೇನೆ, ನನ್ನ ಕೈ ನಡುಗುತ್ತಿಲ್ಲ! ಅದು ಯಾವಾಗ ನಿಂತಿತೋ ನನಗೆ ತಿಳಿದಿರಲೇ ಇಲ್ಲ.

ಈ ನಡುಕವೆಂಬುದಾದರೂ ಏನು? ನಮ್ಮ ಅಲಂಕಾರಶಾಸ್ತ್ರ ಓದಿದವರಿಗೆ ಎಂಟು ಸಾತ್ತ್ವಿಕಭಾವಗಳ ಪರಿಚಯವುಂಟು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಭರತಮುನಿ ಇವನ್ನು ರಂಗದ ಮೇಲಣ ಪಾತ್ರಗಳಿಗಾಗಿ ಹೇಳಿದ. ನಾನು ತರಗತಿಯಲ್ಲಿ ಇವನ್ನು ಕಲಿಸುವಾಗಲೆಲ್ಲ ಆ 1984ರ ಸಂಜೆಯನ್ನು ನೆನೆಯುತ್ತಿದ್ದೆ; ಮೂರ್ಛೆಯೆಂಬ ಅರ್ಥದ ಪ್ರಲಯವೊಂದನ್ನು ಬಿಟ್ಟು ಉಳಿದ ಏಳೂ ಅಂದು ನನ್ನ ಮೈಮೇಲೆ ಇದ್ದವು. ಸಾತ್ತ್ವಿಕಗಳೆಂದರೆ ಬೇಕೆಂದು ತಂದುಕೊಳ್ಳಲಾಗದವು, ಬೇಡವೆಂದರೆ ಬಿಡದವು. ಹಾಗಿರುವಾಗ "ನಡುಗಬೇಡ" ಎಂಬ ಉಪದೇಶಕ್ಕೆ ಅರ್ಥವೇನು?

ಇದನ್ನೇ ಶರೀರಶಾಸ್ತ್ರದ ಕಡೆಯಿಂದ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ. ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಡಲು ಇಲ್ಲವೆ ಓಡಲು ಸಜ್ಜಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕಿಳಿಯುತ್ತದೆ. ಎದೆಯ ಬಡಿತ ಹೆಚ್ಚುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ಸರಿದು ಕೈಕಾಲುಗಳ ಸ್ನಾಯುಗಳತ್ತ ನುಗ್ಗುತ್ತದೆ. ಜೀರ್ಣಕ್ರಿಯೆ ತಡೆಯುವುದರಿಂದ ಬಾಯಿಯ ಜೊಲ್ಲು ಆರುತ್ತದೆ. ನಿರೂಪಕನ ಒಣಗಿದ ಬಾಯಿಗೂ ಹೊಟ್ಟೆಯ ತಳಮಳಕ್ಕೂ ಕಾರಣ ಇಷ್ಟೆ. ಓಡಬೇಕೆಂದು ಸಿದ್ಧವಾದ ಕಾಲುಗಳನ್ನು ನಾವು ಮೈಕಿನ ಮುಂದೆ ನಿಲ್ಲಿಸುತ್ತೇವೆ; ಅವು ನಡುಗದೆ ಇನ್ನೇನು ಮಾಡಿಯಾವು? ಆದುದರಿಂದಲೇ ಸಭೆಗೆ ಮುಂಚೆ ಕುರ್ಚಿಗಳನ್ನು ಜೋಡಿಸುವುದು, ಜಮಖಾನೆ ಹಾಸುವುದು, ಅತಿಥಿಗಳಿಗೆ ನೀರು ಕೊಡುವುದು ಇಂಥ ಓಡಾಟದ ಕೆಲಸಗಳನ್ನು ನಿರೂಪಕ ತಾನೇ ಮಾಡುವುದು ಒಳ್ಳೆಯದು. ಅದರಿಂದ ಕಾಲಿಗೂ ಸಮಾಧಾನ, ಜನರ ಮುಖಪರಿಚಯವೂ ಆಗುತ್ತದೆ. ಮಾತಿಗೆ ಮೊದಲು ಎರಡು ಸಲ ಉಸಿರನ್ನು ನಿಧಾನವಾಗಿ ಹೊರಗೆ ಬಿಡಬೇಕು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಮುಖ್ಯ. ಅಂಜಿದವನು ಎಳೆದುಕೊಂಡೇ ಇರುತ್ತಾನೆ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ನನ್ನ ನಡುಕವೆಲ್ಲ ಸಭೆಗೆ ಕಾಣುತ್ತಿದೆ ಎಂದು ನಾವು ಭಾವಿಸುತ್ತೇವೆ. ಅದು ಬಹುಪಾಲು ಭ್ರಮೆ. ಸವಿಟ್ಸ್ಕಿ ಮತ್ತು ಗಿಲೋವಿಚ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣ ಮಾಡಿದವರು ತಮ್ಮ ಅಳುಕು ಎಷ್ಟು ಎದ್ದುಕಾಣುತ್ತಿತ್ತೆಂದು ಎಣಿಸಿದರೋ ಕೇಳಿದವರಿಗೆ ಅಷ್ಟು ಕಂಡಿರಲಿಲ್ಲ. ಸ್ವಾರಸ್ಯವೆಂದರೆ, ಈ ಭ್ರಮೆಯ ವಿಷಯವನ್ನು ಯಾರಿಗೆ ಮೊದಲೇ ತಿಳಿಸಿದ್ದರೋ ಅವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಅಂದರೆ ತಿಳಿವಳಿಕೆಯೇ ಅರ್ಧ ಔಷಧ. ಹಾರ್ವರ್ಡಿನ ಆಲಿಸನ್ ಬ್ರೂಕ್ಸ್ ಎಂಬವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಸಮೀಪದ್ದು: "ನಾನು ಶಾಂತನಾಗಿದ್ದೇನೆ" ಎಂದುಕೊಂಡವರಿಗಿಂತ "ನನಗೆ ಉತ್ಸಾಹವಾಗಿದೆ" ಎಂದುಕೊಂಡವರ ಭಾಷಣವೇ ಮೇಲಾಯಿತಂತೆ. ಬಡಿಯುವ ಎದೆಗೆ ಸುಮ್ಮನಿರು ಎಂದರೆ ಅದು ನಂಬುವುದಿಲ್ಲ. ಜಾತ್ರೆಗೆ ಹೊರಟ ಹುಡುಗನ ಎದೆಯೂ ಹೀಗೆಯೇ ಬಡಿಯುತ್ತದಲ್ಲ ಎಂದರೆ ನಂಬೀತು.

ಮಹಾತ್ಮ ಗಾಂಧಿಯವರ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ತಾವು ಬರೆದು ತಂದದ್ದನ್ನು ಓದಲಾರದೆ ಬೇರೊಬ್ಬರಿಂದ ಓದಿಸಿದರು. 1891ರಲ್ಲಿ ತಾವೇ ಏರ್ಪಡಿಸಿದ ಬೀಳ್ಕೊಡುಗೆಯ ಔತಣದಲ್ಲಿ ಸಿದ್ಧಪಡಿಸಿದ ಭಾಷಣ ಮರೆತು ವಂದನೆಯಷ್ಟನ್ನೇ ಹೇಳಿ ಕುಳಿತರು. ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳಲಾಗಲಿಲ್ಲ. ಇವನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಿತವಾಗಿ ಮಾತನಾಡುವುದನ್ನು ಆ ಸಂಕೋಚವೇ ತಮಗೆ ಕಲಿಸಿತೆಂದೂ ಹೇಳುತ್ತಾರೆ. ಆದರೆ ಸಭೆ ನಡೆಸಿಕೊಡುವವನಿಗೆ ಗಾಂಧೀಜಿಗಿಂತ ಹತ್ತಿರದ ಗುರು ಬೇರೊಬ್ಬನಿದ್ದಾನೆ. ಅವನು ಕಾಳಿದಾಸನ ಸೂತ್ರಧಾರ.

ಅಭಿಜ್ಞಾನಶಾಕುಂತಲದ ಪ್ರಸ್ತಾವನೆಯನ್ನು ನೆನಪಿಸಿಕೊಳ್ಳಿ. ನಾಂದಿಯಾದ ಮೇಲೆ ಸೂತ್ರಧಾರ ಬರುತ್ತಾನೆ. ನಾಟಕಮಂಡಲಿಯ ಯಜಮಾನ; ರಂಗವೇ ಅವನ ಮನೆ. ಆದರೂ ಬಂದವನೇ ಹೇಳುವುದೇನು? ಬಲ್ಲವರು ಮೆಚ್ಚುವವರೆಗೆ ನಮ್ಮ ವಿದ್ಯೆಯನ್ನು ಒಪ್ಪಿಕೊಳ್ಳಲಾರೆ, ಎಷ್ಟು ಪಳಗಿದವರಿಗೂ ತಮ್ಮ ಮೇಲೆ ತಮಗೆ ನಂಬಿಕೆ ಸಾಲದು ಎನ್ನುತ್ತಾನೆ. ಸಭಾಕಂಪವನ್ನು ಸಭೆಯ ಎದುರಿಗೇ ಒಪ್ಪಿಕೊಂಡ ಧೀರನೀತ! ಆಮೇಲೆ ನಟಿಯಿಂದ ಗ್ರೀಷ್ಮಋತುವಿನ ಹಾಡೊಂದನ್ನು ಹಾಡಿಸುತ್ತಾನೆ. ಹಾಡಿನಲ್ಲಿ ಮೈಮರೆತು, ಈಗ ಯಾವ ನಾಟಕವನ್ನು ಆಡೋಣ ಎಂದು ಕೇಳುತ್ತಾನೆ. ಮೊದಲೇ ನಿಶ್ಚಯಿಸಿದ ನಾಟಕದ ಹೆಸರನ್ನೇ ಮರೆತುಬಿಟ್ಟಿದ್ದಾನೆ! ನಟಿ ನೆನಪು ಮಾಡಿಕೊಡುತ್ತಾಳೆ. ಆಗ ಅವನು ನಾಚಿ ಓಡಿಹೋಗುವುದಿಲ್ಲ, ಕ್ಷಮೆಯ ಮೇಲೆ ಕ್ಷಮೆ ಕೇಳುವುದೂ ಇಲ್ಲ. ಜಿಂಕೆಯ ಬೆನ್ನು ಹತ್ತಿದ ದುಷ್ಯಂತನಂತೆ ನಿನ್ನ ಹಾಡಿನ ಬೆನ್ನು ಹತ್ತಿ ನಾನೂ ಸೆಳೆದುಹೋದೆ ಎನ್ನುತ್ತಾನೆ. ಅಷ್ಟರಲ್ಲಿ ಜಿಂಕೆಯೂ ರಥವೂ ರಂಗಕ್ಕೆ ಬಂದಾಗಿರುತ್ತದೆ. ಮರೆವೇ ನಾಟಕದ ಬಾಗಿಲನ್ನು ತೆರೆಯಿತು. ಮುಂದೆ ಇಡೀ ನಾಟಕವೇ ಒಂದು ಮರೆವಿನ ಕಥೆಯಾಗುತ್ತದೆ. ಇದನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆ. 1984ರ ಆ ಸಂಜೆ ನನ್ನ ನೆರವಿಗೆ ಬಂದಿರಲಿಲ್ಲ. ಓದಿದ್ದು ಬೇಕಾದಾಗ ಒದಗುವುದು ಅಪರೂಪ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮ ದೊಡ್ಡಾಟದಲ್ಲಿ ಸಾರಥಿ ಇದ್ದಾನೆ. ಕಿರೀಟ, ಭುಜಕೀರ್ತಿಗಳ ರಾಜ ಕುಣಿಯುತ್ತ ಬಂದಾಗ ಸಾರಥಿ ಅವನ ಪರವಾಗಿ ತಾನೇ ಅರ್ಧ ಗಂಟೆ ಬಿರುದಾವಳಿ ಹೇಳುತ್ತ ನಿಲ್ಲುವುದಿಲ್ಲ. ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ಉತ್ತರ ಹೇಳುವ ಭಾರ ರಾಜನದು. ಪಾತ್ರಧಾರಿ ಮಾತು ತಪ್ಪಿದರೂ ಸಾರಥಿಯ ಇನ್ನೊಂದು ಪ್ರಶ್ನೆ ಅವನನ್ನು ದಾರಿಗೆ ತರುತ್ತದೆ. ಅಂದು ಆ ಹುಡುಗನ ಪಕ್ಕ ಮೊಳಕಾಲೂರಿದಾಗ ನಾನು ಅರಿಯದೆಯೇ ಸಾರಥಿಯ ಕೆಲಸ ಮಾಡಿದ್ದೆ. ನಡೆಸಿಕೊಡುವವನಿಗೆ ಭಾಷಣಕಾರನಿಗಿಲ್ಲದ ಒಂದು ಸೌಲಭ್ಯ ಇಲ್ಲಿದೆ. ಭಾಷಣಕಾರ ತನ್ನನ್ನು ಮರೆಯುವುದು ಕಷ್ಟ; ನಿರೂಪಕನಿಗಾದರೋ ನೋಡಿಕೊಳ್ಳಬೇಕಾದ ಇತರರಿದ್ದಾರೆ. ವೇದಿಕೆಯ ಕೆಳಗೆ ತುಟಿ ಅಲುಗಿಸುತ್ತ ಬಾಯಿಪಾಠ ಹೇಳಿಕೊಳ್ಳುತ್ತಿರುವ ಮಕ್ಕಳಿದ್ದಾರೆ. ಅವರ ಕಡೆ ಕಣ್ಣು ಹೊರಳಿದ ಗಳಿಗೆಯಲ್ಲಿ ತನ್ನ ಅಂಜಿಕೆಗೆ ಎಡೆ ಕಡಿಮೆಯಾಗುತ್ತದೆ.

ಈಗ ಭಾಷೆಯ ಮಾತು. ಇದನ್ನು ಹೇಳಲೇಬೇಕು. ನಮ್ಮ ಕಡೆಯ ಮಕ್ಕಳ ಸಭಾಕಂಪದಲ್ಲಿ ಅರ್ಧ ಪಾಲು ಜನರ ಭಯವಲ್ಲ, ಕನ್ನಡದ ಭಯ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಮಾತನಾಡುವ ಹುಡುಗಿ ಮೈಕು ಕಂಡೊಡನೆ ತನ್ನದಲ್ಲದ ಒಂದು ಕನ್ನಡವನ್ನು ಉಡಲು ಹೋಗುತ್ತಾಳೆ. "ನಾವ್ ಮಾತಾಡೂದು ಗಾಂವಟಿ ಅಂತಾರ್ರಿ ಸರ" ಎಂದು ಅವಳೂ ಅಂದಳು. ಇದರ ತಪ್ಪು ಅವಳದಲ್ಲ, ನನ್ನಂಥ ಮೇಷ್ಟರುಗಳದು. ನಾವು ಸಭೆಯ ಕನ್ನಡವೆಂದು ಕಲಿಸಿದ್ದಾದರೂ ಏನು? ಅಮೃತಹಸ್ತ, ಅಮೂಲ್ಯ ಹಿತನುಡಿ, ಸಮಯೋಚಿತ ಭಾಷಣ, ತನು ಮನ ಧನ. ಇವು ಯಾರ ಮಾತೂ ಅಲ್ಲದ ಮಾತುಗಳು. ನೆನಪು ಕೈಕೊಡುವುದು ಇಂಥ ಕಡೆಯೇ. ನಮ್ಮದೇ ಮಾತಿನಲ್ಲಿ ಒಂದು ಪದ ಮರೆತರೆ ಪಕ್ಕದ ಪದ ಬಂದು ಕೈಹಿಡಿಯುತ್ತದೆ; ಕಡ ತಂದ ವಾಕ್ಯದಲ್ಲಿ ಒಂದು ಪದ ಹೋದರೆ ಇಡೀ ವಾಕ್ಯವೇ ಹೋಯಿತು. ನಾನು 1984ರಲ್ಲಿ "ಅಲಂಕರಿಸಿರುವ" ಎಂದು ಹೊರಡದೆ, "ನಮ್ಮ ಇವತ್ತಿನ ಅಧ್ಯಕ್ಷರು" ಎಂದು ಶುರುಮಾಡಿದ್ದರೆ ಹೆಸರು ತಾನಾಗಿ ಬರುತ್ತಿತ್ತೆಂದು ಇಂದಿಗೂ ನಂಬಿದ್ದೇನೆ. ಧಾರವಾಡದ ಬೇಂದ್ರೆಯವರು ಈ ನೆಲದ ಆಡುನುಡಿಯಲ್ಲಿ ಕಾವ್ಯವನ್ನೇ ಬರೆದು 1973ರ ಜ್ಞಾನಪೀಠ ಪ್ರಶಸ್ತಿ ತಂದರು. ಅದೇ ನುಡಿಯಲ್ಲಿ ಮಕ್ಕಳ ಸಭೆಯೊಂದನ್ನು ನಡೆಸಲಾಗದೆ? ಗ್ರಂಥಸ್ಥ ಕನ್ನಡ ಬೇಡವೆಂದಲ್ಲ. ನಾನು ಈಗ ಆಡುತ್ತಿರುವುದೂ ಅದನ್ನೇ. ನನಗೆ ಅದು ಮೂವತ್ತು ವರ್ಷದ ರೂಢಿಯಿಂದ ಮೈಗೆ ಹತ್ತಿದ ಅಂಗಿ. ಅವಳು ಅದನ್ನು ಮೊದಲ ಸಲ ತೊಡಬೇಕಾದದ್ದು ಅಂದೇ, ಅಲ್ಲಿಯೇ ಏಕೆ?

ಮರೆಯಬಾರದ್ದು ಒಂದೇ: ಹೆಸರುಗಳು. ನಿರೂಪಕನ ಯಾವ ತಪ್ಪನ್ನೂ ಸಭೆ ಕ್ಷಮಿಸುತ್ತದೆ, ಹೆಸರು ಕೆಡಿಸಿದ್ದನ್ನು ಮಾತ್ರ ಹೆಸರಿನವನು ಕ್ಷಮಿಸುವುದಿಲ್ಲ. ನಮ್ಮ ಸೀಮೆಯ ಅಡ್ಡಹೆಸರುಗಳ ಸಂಪತ್ತು ತಮಗೆ ಗೊತ್ತೇ ಇದೆ: ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಬೆಲ್ಲದ. ದಕ್ಷಿಣದಿಂದ ಬಂದ ನಿರೂಪಕರು ಇವನ್ನು ಓದುವಾಗ ನಗೆ ತಡೆದುಕೊಳ್ಳುವುದನ್ನು ಕಂಡಿದ್ದೇನೆ. ವೇದಿಕೆಯ ಮೇಲೆ ಕುಳಿತ ಹಿರಿಯರಿಗೆ ಅದು ಕಾಣದೆ ಇರುವುದಿಲ್ಲ. ಹೆಸರುಗಳನ್ನು ದಪ್ಪ ಅಕ್ಷರದಲ್ಲಿ, ಒಂದು ಹೆಸರಿಗೆ ಒಂದು ಸಾಲಿನಂತೆ, ರಟ್ಟಿನ ಮೇಲೆ ಬರೆದುಕೊಳ್ಳಬೇಕು. ಹಾಳೆ ನಡುಗುತ್ತದೆ, ರಟ್ಟು ನಡುಗುವುದಿಲ್ಲ. ಇದು ನನ್ನ ಸ್ವಂತ ಸಂಶೋಧನೆ. ಹೇಗೆ ಉಚ್ಚರಿಸಬೇಕೆಂಬುದನ್ನು ಅವರವರನ್ನೇ ಮೊದಲು ಕೇಳಿಬಿಡಬೇಕು. ಹಾಗೆ ಕೇಳಿದವನನ್ನು ಯಾರೂ ಅಜ್ಞಾನಿ ಎನ್ನುವುದಿಲ್ಲ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠವಿರಲಿ. ಅತಿಥಿಗಳು ತಡವಾಗಿ ಬರುತ್ತಾರೆ, ವಿದ್ಯುತ್ತು ಹೋಗುತ್ತದೆ, ಐದು ನಿಮಿಷ ಎಂದವರು ಐವತ್ತು ನಿಮಿಷ ಮಾತನಾಡುತ್ತಾರೆ. ಇವು ಅನಿರೀಕ್ಷಿತಗಳಲ್ಲ, ಆಗಿಯೇ ತೀರುವಂಥವು. ಚೀಟಿ ಕಳಿಸುವವರು ಯಾರು, ದೀಪ ಹೋದರೆ ಹಾಡುವ ಮಗು ಯಾವುದು ಎಂಬುದನ್ನು ಮೊದಲೇ ಗೊತ್ತು ಮಾಡಿಟ್ಟವನ ಎದೆ ಅಷ್ಟರಮಟ್ಟಿಗೆ ಹಗುರ.

ಇಷ್ಟು ಹೇಳುವ ನಾನು ಗೆದ್ದವನೆಂದು ತಿಳಿಯಬೇಡಿ. 1950ರ ಜನವರಿ 8ರಂದು ಆರಂಭವಾದ ಈ ಧಾರವಾಡ ಆಕಾಶವಾಣಿಯ ಸ್ಟುಡಿಯೋಕ್ಕೆ ನಾನು ಬರುತ್ತಿರುವುದು ಇದು ಮೊದಲ ಸಲವೇನಲ್ಲ. ಇಲ್ಲಿ ನನ್ನನ್ನು ನೋಡುವವರಾರೂ ಇಲ್ಲ. ಮುಂದೆ ಬರೆದ ಹಾಳೆಯೂ ಇದೆ. ಆದರೂ ಕೆಂಪು ದೀಪ ಹೊತ್ತಿದೊಡನೆ ಅರವತ್ತೇಳರ ಈ ಬಾಯಿ ಒಣಗಿತು. ಅದು ಒಣಗದೆ ಇದ್ದ ದಿನ ನಾನು ಕೇಳುಗರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೋ ಎಂಬ ಅನುಮಾನ ಬಂದೀತು.

ಸ್ಪರ್ಧೆಯ ದಿನ ನಾನೂ ಊರಿಗೆ ಹೋಗಿದ್ದೆ. ತೀರ್ಪುಗಾರರಲ್ಲಿ ಒಬ್ಬನಾಗಿ ವೇದಿಕೆಯ ಮೇಲೆ ಕೂಡಿಸಿದ್ದರು. ಶಾಲೆಯ ಅಂಗಳ, ಮೇಲೆ ತಾಡಪತ್ರಿ, ತುಂತುರು ಮಳೆ. ಹುಡುಗಿ ರಟ್ಟು ಹಿಡಿದು ನಿಂತಳು. ಮೊದಲ ಎರಡು ವಾಕ್ಯ ಬಾಯಿಪಾಠದ್ದು, ಬಹಳ ವೇಗವಾಗಿ ಬಂದವು. ಮೂರನೆಯದು ಅವಳದೇ: "ಮಳಿ ಬರಾಕತ್ತೈತಿ, ಹಿಂದಿನವರು ಒಳಗ ಸರದ ಕುಂದರ್ರಿ." ಜನ ಸರಿದು ಕುಳಿತರು. ತಾನು ಹೇಳಿದಂತೆ ಇಡೀ ಸಭೆ ಅಲುಗಿದ್ದನ್ನು ಕಂಡು ಅವಳ ಹೆಗಲು ಇಳಿದದ್ದನ್ನು ನಾನು ನೋಡಿದೆ. ವೀರಪ್ಪನವರ ಹೆಸರನ್ನು ಹೇಳುವ ಮುನ್ನ ಒಂದು ಗಳಿಗೆ ನಿಂತು, ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. ನಾಲ್ಕನೆಯ ಮಗು ಮಾತು ಮರೆತಾಗ ಪಕ್ಕಕ್ಕೆ ಹೋಗಿ ಏನೋ ಕೇಳಿದಳು. ಏನೆಂದು ನನಗೆ ಕೇಳಿಸಲಿಲ್ಲ. ಮಗು ಮಾತ್ರ ಮುಂದುವರಿಯಿತು.

ಎಲ್ಲ ಮುಗಿದು ಚಹಾ, ಗಿರಮಿಟ್ಟು, ಮಿರ್ಚಿ ಬಂದವು. ಹುಡುಗಿ ರಟ್ಟನ್ನು ಮತ್ತೊಮ್ಮೆ ಓದುತ್ತ ನಿಂತವಳು ತಟ್ಟನೆ ನಾಲಗೆ ಕಚ್ಚಿಕೊಂಡು ನನ್ನ ಕಡೆ ಓಡಿಬಂದಳು. "ಅಯ್ಯ ಸರ, ಎಲ್ಲಾರ ಪರಿಚಯ ಮಾಡಿದ್ನಿರಿ, ನಿಮ್ಮ ಹೆಸರ ಬಿಟ್ಟಬಿಟ್ಟೆನ್ರಿ!"

ನಾನು ಮಿರ್ಚಿಯ ತಟ್ಟೆಯನ್ನು ಅವಳ ಕಡೆ ಸರಿಸಿದೆ.